ಬೀರುವಿನಲ್ಲಿ ಹೆಣ ಹಿಡಿಸುವುದಿಲ್ಲ

ನಮ್ಮಮ್ಮ ಪತ್ತೇದಾರಿ ಕಾದಂಬರಿಯನ್ನು ಕೊನೆಯ ಪುಟದಿಂದ ಶುರುಮಾಡುತ್ತಿದ್ದಳು. ಕೊಲೆಗಾರ ಯಾರು ಅಂತ ನೋಡಿಕೊಂಡು, "ಓಹೋ, ಇವನಾ," ಅಂತ ತಲೆಯಾಡಿಸಿ, ಆಮೇಲೆ ಸಾವಧಾನವಾಗಿ ಮೊದಲ ಪುಟಕ್ಕೆ ಬರುತ್ತಿದ್ದಳು. ಹಾಗೆ ಓದಿದರೆ ಏನಮ್ಮಾ ಮಜಾ ಅಂತ ನಾನು ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. "ಯಾರು ಅಂತ ಗೊತ್ತಿದ್ರೆ ಅವನ ಮೇಲೆ ಒಂದು ಕಣ್ಣಿಟ್ಟಿರಬಹುದು ಕಣೇ. ಇಲ್ದಿದ್ರೆ ಎಲ್ಲರ ಮೇಲೂ ಅನುಮಾನ ಪಡ್ಬೇಕು. ಪಾಪ, ಒಳ್ಳೆಯವರ ಮೇಲೂ."

ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ವಿಜಯನಗರದಲ್ಲಿದ್ದೆವು. ನಾನು ಬಿ.ಎ. ಮುಗಿಸಿ, ಟೈಪಿಂಗ್ ಕ್ಲಾಸಿಗೆ ಹೋಗಿಬರುತ್ತಾ, ಒಂದು ಕಡೆ ಕೆಲಸಕ್ಕೂ ಇನ್ನೊಂದು ಕಡೆ ಗಂಡಿಗೂ ಕಾಯುತ್ತಿದ್ದೆ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೋಲ್ಟು ನಟ್ಟುಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದರು. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿದರೆ, ಮಧ್ಯಾಹ್ನ ಬಂದು ಊಟಕ್ಕೆ ಕೂರುತ್ತಿದ್ದರು. ಅವರು ಜನ್ಮದಲ್ಲಿ ಒಂದು ಕಾದಂಬರಿ ಓದಿದವರಲ್ಲ. ಆದರೆ ಊಟ ಮಾಡುವಾಗ ಅಮ್ಮ ಆ ವಾರ ಓದಿದ ಕಥೆ ಹೇಳಬೇಕಾಗಿತ್ತು. ಅಮ್ಮ ಹುಳಿ ಬಡಿಸುತ್ತಾ ಹೆಣ ಸಿಕ್ಕಿದ್ದು ಹೇಳಿದರೆ, ಸಾರಿನ ಹೊತ್ತಿಗೆ ಪತ್ತೇದಾರ ಬರುತ್ತಿದ್ದ. ಮಜ್ಜಿಗೆಗೆ ಬರುವಷ್ಟರಲ್ಲಿ ಅಪ್ಪನ ಕಣ್ಣು ಎಳೆಯುತ್ತಿತ್ತು. ಕೈ ತೊಳೆದು ಗೋಡೆಗೆ ಒರಗಿದರೆ ಮುಗಿಯಿತು, ನಿದ್ದೆ. ಹೀಗಾಗಿ ನಮ್ಮಪ್ಪ ನೂರಾರು ಕೊಲೆಗಳ ಕಥೆ ಕೇಳಿದ್ದರೂ ಒಬ್ಬನೇ ಒಬ್ಬ ಕೊಲೆಗಾರನನ್ನೂ ಕಂಡವರಲ್ಲ.

ಪುಸ್ತಕಗಳು ಬರುತ್ತಿದ್ದುದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ಬಾಡಿಗೆ ಲೈಬ್ರರಿಯಿಂದ. ಅದೊಂದು ಮನೆಯ ಕಾರ್ ಶೆಡ್ಡು. ಆ ಮನೆಯವರಿಗೆ ಕಾರಿರಲಿಲ್ಲ. ಮುಂದೊಂದು ದಿನ ಬಂದೀತು ಅಂತ ಕಟ್ಟಿಸಿದ ಶೆಡ್ಡಿಗೆ ಮೊದಲು ಬಂದದ್ದು ಪುಸ್ತಕ. ಯಜಮಾನರು ದಪ್ಪ ಕನ್ನಡಕದವರು, ಮುಂಗೋಪಿ. ಪುಸ್ತಕಗಳಿಗೆಲ್ಲ ತಾವೇ ಕೂತು ಖಾಕಿ ಕಾಗದದ ರಟ್ಟು ಹಾಕುತ್ತಿದ್ದರು. ಸಾಮಾಜಿಕ ಕಾದಂಬರಿಗಳು ಎಡಗಡೆ, ಕೊಲೆ ದರೋಡೆ ಎಲ್ಲ ಬಲಗಡೆ. ಅಮ್ಮ ಒಳಗೆ ಹೋದರೆ ಸೀದಾ ಬಲಕ್ಕೆ ತಿರುಗುತ್ತಿದ್ದಳು.

ಓದುವಾಗ ಅವಳ ಕೈಯಲ್ಲಿ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಅಭಿಪ್ರಾಯ ಬಂದ ಕೂಡಲೇ ಅವಳು ಪುಟದ ಅಂಚಿನಲ್ಲಿ ಬರೆದುಬಿಡುತ್ತಿದ್ದಳು. ಕರೆಂಟು ಹೋದ ಬಂಗಲೆಯಲ್ಲಿ ನಾಯಕಿ ಮೇಣದ ಬತ್ತಿ ಹಿಡಿದು ಒಬ್ಬಳೇ ಮೆಟ್ಟಿಲು ಹತ್ತಿದರೆ: "ಇಷ್ಟು ದೊಡ್ಡ ಮನೇಲಿ ಒಂದು ಟಾರ್ಚ್ ಇಲ್ವಾ?" ಪತ್ತೇದಾರ ಊರೆಲ್ಲ ಸುತ್ತಿ, ಇಬ್ಬರನ್ನು ಬೆನ್ನಟ್ಟಿ, ಮೂರನೆಯವನಿಗೆ ಗುದ್ದಿದರೆ: "ಈತ ಊಟ ಮಾಡೋದು ಯಾವಾಗ?" ಕೊಲೆಯಾದವಳ ದೇಹವನ್ನು ಸ್ಟೀಲ್ ಬೀರುವಿನಲ್ಲಿ ಬಚ್ಚಿಟ್ಟ ಕಡೆ ಮಾತ್ರ ಅವಳಿಗೆ ಸಿಟ್ಟೇ ಬಂದಿತ್ತು. "ಬೀರುವಿನಲ್ಲಿ ಹೆಣ ಹಿಡಿಸುವುದಿಲ್ಲ. ಹಿಡಿಸಿತು ಅಂತಲೇ ಇಟ್ಟುಕೊಳ್ಳೋಣ, ಒಳಗಿದ್ದ ಸೀರೆಗಳೆಲ್ಲ ಎಲ್ಲಿ ಹೋದವು?" ಅಂತ ಎರಡು ಸಾಲಿನಲ್ಲಿ ಬರೆದಿದ್ದಳು. ಕೆನ್ನೆಯ ಮೇಲೆ ಗಾಯದ ಗುರುತಿರುವ ಖಳನಾಯಕ ಬಂದರೆ: "ಗಾಯ ಇದ್ದೋರೆಲ್ಲ ಕೆಟ್ಟವರಾ? ನಮ್ಮ ಸೋದರಮಾವನಿಗೂ ಇದೆ. ಕೊಡೆ ತಗುಲಿದ್ದು." ಪ್ರತಿ ಅಧ್ಯಾಯದ ಕೊನೆಯಲ್ಲಿ ಕಿಟಕಿಯಾಚೆ ಸರ್ರನೆ ನೆರಳೊಂದು ಹಾದುಹೋದರೆ, ಮೊದಲನೆಯ ಸಲ ಸುಮ್ಮನಿದ್ದು, ಎರಡನೆಯ ಸಲ "ಮತ್ತೆ ನೆರಳು" ಅಂತ ಬರೆದು, ಮೂರನೆಯ ಸಲ "ಕಿಟಕಿ ಹಾಕ್ಕೊಳ್ರಪ್ಪ" ಅಂತ ಮುಗಿಸುತ್ತಿದ್ದಳು. ಇನ್ನು ಎಲ್ಲ ಪುಸ್ತಕಗಳ ಕೊನೆಯಲ್ಲೂ ತಪ್ಪದೆ ಬರುತ್ತಿದ್ದ ಒಂದು ಟಿಪ್ಪಣಿ ಇತ್ತು: "ಕೆಲಸದವಳನ್ನು ಒಂದು ಮಾತು ಕೇಳಿದ್ದರೆ ಇಪ್ಪತ್ತನೇ ಪುಟಕ್ಕೇ ಗೊತ್ತಾಗುತ್ತಿತ್ತು."

ಯಜಮಾನರ ಕಣ್ಣಿಗೆ ಇದು ಬಿದ್ದಾಗ ಅವರು ಸಿಕ್ಕಾಪಟ್ಟೆ ಕೋಪ ಮಾಡಿಕೊಂಡರು. ನಾನೂ ಅಮ್ಮನ ಜೊತೆಗೇ ಇದ್ದೆ.

"ಏನಮ್ಮ ಇದು? ಪುಸ್ತಕಾನೋ, ಸ್ಲೇಟೋ?"

"ಪೆನ್ಸಿಲ್ ತಾನೇ? ಅಳಿಸ್ಕೊಳ್ಳಿ," ಅಂದಳು ಅಮ್ಮ, ತಣ್ಣಗೆ.

"ನಾನು ಅಳಿಸ್ತಾ ಕೂತ್ಕೋಬೇಕಾ?"

"ಓದಿ ನೋಡಿ ಅಳಿಸಿ. ಸರಿಯಾಗಿದ್ರೆ ಬಿಡಿ."

ಅವರು ಒಂದು ರಬ್ಬರು ತೆಗೆದುಕೊಂಡು ಅಳಿಸುವುದಕ್ಕೆ ಕೂತದ್ದು ನಿಜ. ಆದರೆ ಅಳಿಸಬೇಕಾದರೆ ಓದಬೇಕಲ್ಲ. ಎರಡು ಪುಸ್ತಕ ಆಗುವಷ್ಟರಲ್ಲಿ ಅವರಿಗೆ ನಗು ಬಂದುಬಿಟ್ಟಿದೆ. ಮುಂದಿನ ವಾರ ನಾವು ಹೋದಾಗ ರಬ್ಬರು ಕಾಣಲಿಲ್ಲ. ಅದರ ಮುಂದಿನ ತಿಂಗಳು ಅಮ್ಮ ಹಳೆಯದೊಂದು ಪುಸ್ತಕ ಮತ್ತೆ ತಂದಾಗ, ಅವಳ ಟಿಪ್ಪಣಿಯ ಕೆಳಗೆ ಬೇರೆ ಯಾರೋ ನೀಲಿ ಪೆನ್ನಿನಲ್ಲಿ "ಸರಿಯಾಗಿ ಹೇಳಿದಿರಿ" ಅಂತ ಬರೆದಿದ್ದರು. ಅದರ ಕೆಳಗೆ ಮತ್ತೊಬ್ಬರು, "ಟಾರ್ಚ್ ಇತ್ತು, ಸೆಲ್ ಇರಲಿಲ್ಲ" ಅಂತ ವಾದ ಹೂಡಿದ್ದರು. ಅಮ್ಮ ಆ ದಿನ ಇಡೀ ಮಧ್ಯಾಹ್ನ ಬಹಳ ಖುಷಿಯಾಗಿದ್ದಳು. ಸೆಲ್ಲಿನವರಿಗೆ ಉತ್ತರವನ್ನೂ ಬರೆದಳು. ಕ್ರಮೇಣ ಲೈಬ್ರರಿಗೆ ಬರುವವರು "ಷರಾ ಇರೋ ಪುಸ್ತಕ ಕೊಡಿ" ಅಂತ ಕೇಳಿ ಪಡೆಯತೊಡಗಿದರು. ಯಜಮಾನರು ಹೊಸ ಕಾದಂಬರಿ ಬಂದರೆ, ರಟ್ಟು ಹಾಕಿ, ಮೊದಲು ನಮ್ಮ ಮನೆಗೇ ಕಳಿಸುತ್ತಿದ್ದರು. ಅಮ್ಮ ಬರೆದು ಮುಗಿಸಿದ ಮೇಲೆಯೇ ಉಳಿದವರಿಗೆ.

ಆಗ ತಿಂಗಳಿಗೊಂದು ಕಾದಂಬರಿ ಬರೆಯುತ್ತಿದ್ದ ಒಬ್ಬ ಲೇಖಕರಿದ್ದರು. ಅವರ ಕಾವ್ಯನಾಮ ಕೇಳಿದರೆ ಗುಡುಗು ಸಿಡಿಲಿನ ನೆನಪಾಗುತ್ತಿತ್ತು. ಅವರ ಪತ್ತೇದಾರ ಆರಡಿ ಎತ್ತರ, ಹನ್ನೆರಡು ತಿಂಗಳೂ ಚರ್ಮದ ಕೋಟು. "ಏಪ್ರಿಲ್‌ನಲ್ಲೂ ಕೋಟು! ಬೆವರುಸಾಲೆ ಏಳಲ್ವಾ?" ಅಂತ ಅಮ್ಮ ಬರೆದಿದ್ದಳು. ಅವರ ಪುಸ್ತಕಗಳ ಅಂಚಿನಲ್ಲೇ ಅವಳ ಬರಹ ಹೆಚ್ಚು. ಯಾಕೆಂದರೆ ಅವಳು ಅತ್ಯಂತ ಆಸೆಯಿಂದ ಕಾಯುತ್ತಿದ್ದುದು ಅವಕ್ಕೇ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಒಬ್ಬರು ಬಂದು ನಿಂತರು. ಕುಳ್ಳಗೆ, ತೆಳ್ಳಗೆ, ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬೀದಿಯ ನಾಯಿಯೊಂದು ಅವರನ್ನು ನೋಡುತ್ತಾ ಕೂತಿತ್ತು; ಅವರೂ ಅದನ್ನೇ ನೋಡುತ್ತಾ, ಗೇಟು ತೆಗೆಯುವ ಧೈರ್ಯ ಸಾಲದೆ ನಿಂತಿದ್ದರು. ಅಪ್ಪ ಹೊರಗೆ ಹೋಗಿ ನಾಯಿಯನ್ನು ಓಡಿಸಿ ಅವರನ್ನು ಒಳಗೆ ಕರೆತಂದರು. ಆ ದಿನಗಳಲ್ಲಿ ಹಣ್ಣು ಹಿಡಿದು ನಮ್ಮ ಮನೆಗೆ ಬರುತ್ತಿದ್ದವರು ಯಾರು? ಗಂಡಿನ ಕಡೆಯವರು. ಅಪ್ಪ ನನ್ನ ಕಡೆ ಕಣ್ಣು ಸನ್ನೆ ಮಾಡಿದರು. ನಾನು ಒಳಗೆ ಹೋಗಿ ಸೀರೆ ಬದಲಾಯಿಸಬೇಕೋ ಬೇಡವೋ ಗೊತ್ತಾಗದೆ ಬಾಗಿಲ ಸಂದಿಯಲ್ಲೇ ನಿಂತೆ. ಬಂದವರ ತಲೆಯಲ್ಲಿ ಕೂದಲು ಕಡಿಮೆ ಇತ್ತು. ನನಗೆ ಅಳು ಬರುವುದೊಂದು ಬಾಕಿ.

"ಯಾವ ಕಡೆಯಿಂದ ಬಂದಿದ್ದು?" ಅಪ್ಪ ಶುರುಮಾಡಿದರು.

"ಕೆಂಗೇರಿ ಉಪನಗರ."

"ಜಾತಕ ತಂದಿದೀರಾ?"

"ಇಲ್ಲ ಸಾರ್. ಪುಸ್ತಕ ತಂದಿದೀನಿ."

ಅಪ್ಪ ಅದನ್ನು ಪಂಚಾಂಗ ಅಂದುಕೊಂಡರು ಅಂತ ಕಾಣುತ್ತದೆ. "ಆಗ್ಲಿ. ಏನು ಕೆಲಸ?"

"ಹೈಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು."

"ಒಳ್ಳೇದಾಯ್ತು. ಬೇರೆ ಏನಾದ್ರೂ ಹವ್ಯಾಸ?"

"ಬಿಡುವಾದಾಗ ಕೊಲೆ..."

"ಏನು?"

"ತಿಂಗಳಿಗೊಂದು. ರಜೆ ಇದ್ರೆ ಎರಡು ಮಾಡ್ತೀನಿ. ಮನೇಲಿ ಹೆಂಡ್ತಿ ಮಕ್ಕಳಿಗೆ ಅಭ್ಯಾಸ ಆಗೋಗಿದೆ."

ಅಪ್ಪ ಎದ್ದು ನಿಂತುಬಿಟ್ಟರು. ಹೆಂಡತಿ ಮಕ್ಕಳು ಇದ್ದಾರೆ ಅನ್ನುವುದಕ್ಕೆ ಗಾಬರಿಯಾಯಿತೋ, ಕೊಲೆಗೋ, ಅವರು ಕೊನೆಯವರೆಗೂ ಹೇಳಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಬಂದಳು. ಬಂದವರು ಕೊಡೆಯನ್ನು ಕಂಕುಳಿಗೆ ಸೇರಿಸಿ ಕೈಮುಗಿದರು. "ಅಮ್ಮ, ಲೈಬ್ರರಿಯವರು ಅಡ್ರೆಸ್ ಕೊಟ್ರು. ನನ್ನ ಪುಸ್ತಕದ ತುಂಬ ಬರೆದಿರೋರು ನೀವೇ ಅಂತೆ," ಅಂತ ಹೇಳಿ, ಆ ಗುಡುಗು ಸಿಡಿಲಿನ ಹೆಸರು ಹೇಳಿದರು.

ಅಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆರಡಿಯನ್ನು ನಿರೀಕ್ಷಿಸಿದ್ದಳು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ, "ಕೂತ್ಕೊಳ್ಳಿ, ಉಪ್ಪಿಟ್ಟು ಆಗಿದೆ," ಅಂದಳು. ಅವರು ಉಪ್ಪಿಟ್ಟಿನಿಂದ ಮೆಣಸಿನಕಾಯಿಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗಿಟ್ಟುಕೊಂಡು ತಿಂದರು. ತಿಂಗಳಿಗೊಬ್ಬರ ಕತ್ತು ಹಿಸುಕುವ ಮನುಷ್ಯನಿಗೆ ಖಾರ ಆಗುತ್ತಿರಲಿಲ್ಲ.

ಅವರು ಜಗಳಕ್ಕೆ ಬಂದಿರಲಿಲ್ಲ. ಲೈಬ್ರರಿಯಲ್ಲಿ ನಿಂತುಕೊಂಡೇ ತಮ್ಮ ಮೂರು ಪುಸ್ತಕಗಳ ಅಂಚುಗಳನ್ನು ಓದಿ ಮುಗಿಸಿದ್ದರಂತೆ. "ಹತ್ತು ವರ್ಷದಿಂದ ಬರೀತಾ ಇದೀನಿ. ಚೆನ್ನಾಗಿದೆ ಅಂದೋರಿದಾರೆ, ಕಸ ಅಂದೋರಿದಾರೆ. ಇಷ್ಟು ಗಮನ ಇಟ್ಟು ಓದಿದೋರು ಯಾರೂ ಇಲ್ಲ. ಮುಂದಿನ ಕಾದಂಬರೀನ ಪ್ರೆಸ್ಸಿಗೆ ಕೊಡೋ ಮುಂಚೆ ಒಂದ್ಸಲ ಕೇಳ್ತೀರಾ?" ಅಂದರು.

ಕೇಳದೇ ಇರುತ್ತಾಳೆಯೇ? ಅವರೆಕಾಯಿಯ ಕಾಲ ಅದು. ಭಾನುವಾರ ಭಾನುವಾರ ಅವರು ಕೈಬರಹದ ಹಾಳೆಗಳ ಕಟ್ಟು ಹಿಡಿದು ಬರುತ್ತಿದ್ದರು. ಅಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ಕೂರುವಳು. ಅವರೂ ಕೈ ಸುಮ್ಮನಿರಬಾರದೆಂದು ಒಂದಿಷ್ಟು ಬಿಡಿಸುವರು. ನಾನು ಗಟ್ಟಿಯಾಗಿ ಓದುವುದು. ನನಗೆ ಅದು ನಿಜಕ್ಕೂ ಇಷ್ಟವಾಗಿತ್ತು. ಕಿರುಚಾಟದ ಕಡೆ ಕಿರುಚಿ, ಪಿಸುಮಾತಿನ ಕಡೆ ಪಿಸುಗುಟ್ಟಿ ಓದುತ್ತಿದ್ದೆ. ಆದರೆ ಒಂದು ಪುಟ ಪೂರ್ತಿ ಓದಲು ಅಮ್ಮ ಬಿಡುತ್ತಿರಲಿಲ್ಲ.

ಕಥೆ ಹೀಗಿತ್ತು. ಒಬ್ಬ ಶ್ರೀಮಂತ ಸಾಮಿಲ್ ಮಾಲೀಕ. ಅವನನ್ನು ಅವನ ಅಳಿಯ ಕಾಫಿಯಲ್ಲಿ ವಿಷ ಹಾಕಿ ಕೊಲ್ಲುತ್ತಾನೆ.

"ನಿಲ್ಸು," ಅಂದಳು ಅಮ್ಮ. "ಅಳಿಯ ಅಡುಗೆಮನೆಗೆ ಹೋಗಿ ಕಾಫಿ ಮಾಡಿದ್ನಾ? ಅಳಿಯ? ಅದನ್ನ ನೋಡಿದ ತಕ್ಷಣ ಮನೆಯವರಿಗೆಲ್ಲ ಅನುಮಾನ ಬರಲ್ವಾ?"

ಮೇಷ್ಟ್ರು ಯೋಚಿಸಿದರು. "ಬರುತ್ತೆ," ಅಂತ ಒಪ್ಪಿಕೊಂಡು ಗುರುತು ಹಾಕಿಕೊಂಡರು.

ನೆರಳು ಹೋಯಿತು. ಚರ್ಮದ ಕೋಟು ಹೋಗಿ ಅರ್ಧ ತೋಳಿನ ಸ್ವೆಟರ್ ಬಂತು. ಪತ್ತೇದಾರನಿಗೆ ಎರಡು ಹೊತ್ತು ಊಟ, ಒಂದು ತಿಂಡಿ ಸಿಕ್ಕಿತು. ಕೆಲಸದವಳಿಗೆ ಮಾತು ಬಂತು. ಅಪ್ಪ ವರಾಂಡದಿಂದಲೇ, "ಸಾಮಿಲ್ ಅಂದ್ರೆ ಭಾನುವಾರ ರಜಾ ಇರುತ್ತೆ, ಗರಗಸದ ಸದ್ದು ಹೇಗೆ ಕೇಳುತ್ತೆ?" ಅಂತ ಕೂಗುವರು. ಅದನ್ನೂ ಮೇಷ್ಟ್ರು ಬರೆದುಕೊಂಡರು. ಅವರ ವಿನಯ ಕಂಡು ನನಗೆ ಕೆಲವೊಮ್ಮೆ ಪಾಪ ಅನ್ನಿಸುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. ಕಥೆಯಲ್ಲಿ ಅಳಿಯ ಮಾವನ ಹೆಣವನ್ನು ಒಬ್ಬನೇ ತಾರಸಿಯಿಂದ ಮೆಟ್ಟಿಲಿಳಿಸಿ ಕಾರಿಗೆ ಹಾಕುತ್ತಾನೆ.

"ಆಗಲ್ಲ," ಅಂದಳು ಅಮ್ಮ.

"ಅವನು ವ್ಯಾಯಾಮ ಮಾಡಿದ ಮೈಯವನು ಅಂತ ಮೊದಲನೇ ಅಧ್ಯಾಯದಲ್ಲೇ ಹೇಳಿದೀನಿ."

"ಯಾವ ಮೈಯಾದ್ರೂ ಆಗಲ್ಲ. ಸತ್ತೋರು ಭಾರ ಆಗ್ತಾರೆ."

"ಬೆಡ್‌ಶೀಟಲ್ಲಿ ಸುತ್ತಿ ಎಳೀತಾನೆ. ಇಳಿಜಾರು ಅಲ್ವಾ? ಬಲ ಕಡಿಮೆ ಸಾಕು." ಅವರೊಳಗಿನ ಲೆಕ್ಕದ ಮೇಷ್ಟ್ರು ಎದ್ದು ಕೂತಿದ್ದರು.

"ಎಳೆದು ತೋರಿಸಿ ಮತ್ತೆ," ಅಂದಳು ಅಮ್ಮ.

ಏನನ್ನು ಎಳೆಯುವುದು? ಅಕ್ಕಿ ಮೂಟೆ ಅಂದರೆ ಅದು ಮನುಷ್ಯನ ಆಕಾರದಲ್ಲಿರುವುದಿಲ್ಲ. ಆಗ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಪ್ಪ, "ನಾನು ಮಲಕ್ಕೋತೀನಿ ಬಿಡ್ರಿ, ಹೇಗಿದ್ರೂ ಮಲಗೋ ಹೊತ್ತು," ಅಂದರು. ಸುಮ್ಮನೆ ಕೂತಿದ್ದವರನ್ನು ಯಾರೂ ಒತ್ತಾಯ ಮಾಡಿರಲಿಲ್ಲ ಅನ್ನುವುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು.

ನಮ್ಮ ತಾರಸಿಯ ಮೆಟ್ಟಿಲು ಮನೆಯ ಹೊರಗಡೆ ಇತ್ತು, ನಡುವೆ ಒಂದು ಇಕ್ಕಟ್ಟಾದ ತಿರುವು. ಅಪ್ಪ ತಾರಸಿಯ ಮೇಲೆ ಬಿಳಿ ಬೆಡ್‌ಶೀಟಿನ ಮೇಲೆ ಉದ್ದಕ್ಕೆ ಮಲಗಿದರು. ಅಮ್ಮ ಎರಡೂ ಬದಿಯಿಂದ ಬಟ್ಟೆ ಮಡಚಿ, ತಲೆ, ಕಾಲುಗಳಷ್ಟೇ ಹೊರಗಿರುವಂತೆ ಸುತ್ತಿ, ಕೊನೆಗೆ ಗಂಟು ಹಾಕಿದಳು. ಮೇಷ್ಟ್ರು ಚಪ್ಪಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಕಾಲಿನ ಕಡೆಯ ಗಂಟು ಹಿಡಿದು ಎಳೆದರು. ತಲೆಯ ಕೆಳಗೆ ದಿಂಬು ಹಿಡಿದುಕೊಂಡು ಬರುವುದು ನನ್ನ ಕೆಲಸ. ಸಮತಟ್ಟಿನಲ್ಲಿ ಅಪ್ಪ ಸಲೀಸಾಗಿ ಬಂದರು. ಮೊದಲ ನಾಲ್ಕಾರು ಮೆಟ್ಟಿಲೂ ಹೇಗೋ ಆಯಿತು. ತಿರುವಿನಲ್ಲಿ ಸಿಕ್ಕಿಕೊಂಡರು. ಮೇಲಕ್ಕೂ ಬರಲ್ಲ, ಕೆಳಕ್ಕೂ ಹೋಗಲ್ಲ. ಮೇಷ್ಟ್ರಿಗೆ ಧಾರಾಕಾರ ಬೆವರು.

"ನಾನು ಹೇಳ್ಲಿಲ್ವಾ?" ಅಂತ ಅಮ್ಮ ಗೆದ್ದ ದನಿಯಲ್ಲಿ ಅಂದು, ಕೂಡಲೇ ಸುತ್ತ ನೋಡಿ, "ಬೇಗ ಬೇಗ, ಕಾಲು ಮಡಚಿ ಎಳೀರಿ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ!" ಅಂದಳು.

ನೋಡುತ್ತಿದ್ದರು. ಎದುರು ಮನೆಯ ಆಂಟಿ ತಮ್ಮ ತಾರಸಿಯಲ್ಲಿ ಸಂಡಿಗೆ ಇಡುತ್ತಾ ಕೂತಿದ್ದವರು ತಲೆಯೆತ್ತಿದ್ದರು. ಅವರಿಗೆ ಕಂಡದ್ದು ಇಷ್ಟು: ಯಾರೋ ಅಪರಿಚಿತ ಗಂಡಸು ಬಿಳಿ ಬಟ್ಟೆಯಲ್ಲಿ ಸುತ್ತಿದ ನಮ್ಮಪ್ಪನ ಕಾಲು ಹಿಡಿದು ಎಳೆಯುತ್ತಿದ್ದಾನೆ, ಹೆಂಡತಿ ಬೇಗ ಅಂತ ಅವಸರ ಮಾಡುತ್ತಿದ್ದಾಳೆ, ಮಗಳು ದಿಂಬು ಹಿಡಿದಿದ್ದಾಳೆ.

"ಅಯ್ಯಯ್ಯೋ, ಕೊಂದ್ಬಿಟ್ರಲ್ಲೋ! ಅಣ್ಣಾವ್ರನ್ನ ಮುಗಿಸ್ಬಿಟ್ರಲ್ಲೋ!"

ಖಾಲಿ ಸೈಟಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಗುಂಪು ಬ್ಯಾಟು ಸಮೇತ ಓಡಿಬಂತು. "ಅವ್ನನ್ನ ಹಿಡ್ಕೊಳೋ ಮಗಾ, ಬಿಡ್ಬೇಡ!" ಬೀದಿಯಲ್ಲಿದ್ದವರೆಲ್ಲ ನಮ್ಮ ಕಾಂಪೌಂಡಿನಲ್ಲಿ. ಮೇಷ್ಟ್ರು ಗಂಟು ಬಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತು, ಎರಡೂ ಕೈ ಮೇಲೆತ್ತಿದರು. "ನಾನಲ್ಲ, ನಾನಲ್ಲ. ನಾನು ಬರೀ ಬರೀತೀನಿ ಅಷ್ಟೇ," ಅನ್ನುತ್ತಿದ್ದರು. ಅದು ಯಾರಿಗೂ ಅರ್ಥವಾಗಲಿಲ್ಲ.

"ಏನೂ ಆಗಿಲ್ರಪ್ಪ, ಬದುಕೇ ಇದಾರೆ. ರೀ, ಏಳ್ರೀ. ಒಂದು ಮಾತಾಡ್ರೀ," ಅಂದಳು ಅಮ್ಮ.

ಅಪ್ಪ ಏಳಲಿಲ್ಲ. ಅವರೆಕಾಳು ಹುಳಿ ಊಟವಾಗಿತ್ತು, ಹಿತವಾದ ಬಿಸಿಲಿತ್ತು, ಕೆಳಗೆ ದಿಂಬಿತ್ತು. ಅವರು ನಿಜವಾಗಿಯೂ ನಿದ್ದೆ ಹೋಗಿದ್ದರು. ನಾನು ಅಲ್ಲಾಡಿಸಿದೆ. ತಲೆ ಆ ಕಡೆ ವಾಲಿತು. ಜನ "ಓ" ಅಂದರು. ಎದುರು ಮನೆಯ ಆಂಟಿ ತಲೆ ಸುತ್ತಿ, ಪಾಪ, ತಾವೇ ಇಟ್ಟ ಸಂಡಿಗೆಯ ಮೇಲೆ ಕೂತುಬಿಟ್ಟರು. ನನಗೂ ಒಂದು ಗಳಿಗೆ ಅನುಮಾನ ಬಂತು. ಅಮ್ಮ ಓಡಿಹೋಗಿ ಒಂದು ಚೊಂಬು ನೀರು ತಂದು ಮುಖಕ್ಕೆ ಎರಚಿದಳು. ಅಪ್ಪ ಕಣ್ಣು ಬಿಟ್ಟು, ಬ್ಯಾಟು ಹಿಡಿದವರು, ಪೊರಕೆ ಹಿಡಿದವರು, ಕೈ ಎತ್ತಿಕೊಂಡ ಮೇಷ್ಟ್ರು ಎಲ್ಲರನ್ನೂ ಒಂದು ಸುತ್ತು ನೋಡಿ, "ಕಾಫಿ ಆಯ್ತಾ?" ಅಂದರು.

ನಕ್ಕು ನಕ್ಕು ಸಾಕಾದವರಿದ್ದರು, ಬೈದುಕೊಂಡು ಹೋದವರೂ ಇದ್ದರು. ಎದುರು ಮನೆಗೆ ಅಮ್ಮ ಹೋಗಿ ಕ್ಷಮೆ ಕೇಳಿ, ಮರುದಿನ ತಾನೇ ಕೂತು ಸಂಡಿಗೆ ಇಟ್ಟುಕೊಟ್ಟು ಬಂದಳು. ಮೇಷ್ಟ್ರು ಎರಡು ಲೋಟ ಕಾಫಿ ಕುಡಿದರು. ಆಮೇಲೆ ಹಾಳೆ ತೆಗೆದು, "ಒಬ್ಬನ ಕೈಯಲ್ಲಿ ಆಗಲ್ಲ" ಅಂತ ಬರೆದುಕೊಂಡರು.

ಎರಡು ತಿಂಗಳಿಗೆ ಪುಸ್ತಕ ಬಂತು. ಲೈಬ್ರರಿ ಯಜಮಾನರು ಇನ್ನೂ ಅಂಟು ಒಣಗದ ರಟ್ಟಿನೊಂದಿಗೆ ಕಳಿಸಿದರು. ಅಮ್ಮ ಪೆನ್ಸಿಲ್ ಹಿಡಿದು ಕೂತಳು. ಕೊನೆಯ ಪುಟ ನೋಡುವ ಅಗತ್ಯ ಇರಲಿಲ್ಲ. ಸಂಜೆಯವರೆಗೆ ಓದಿದಳು. ಒಂದು ಅಕ್ಷರ ಬರೆಯಲಿಲ್ಲ.

"ಹೇಗಿದೆಯಮ್ಮ?"

"ಎಲ್ಲ ಸರಿಯಾಗಿದೆ," ಅಂದಳು.

ಎಲ್ಲ ಸರಿಯಾಗಿಯೇ ಇತ್ತು. ನಾನೂ ಓದಿದೆ. ಅಳಿಯ ಕಾಫಿ ಮಾಡಲು ಹೊರಟಾಗ ಅತ್ತೆ, "ನಿಮಗ್ಯಾಕೆ ತೊಂದರೆ?" ಅಂತ ತಾನೇ ಮಾಡುತ್ತಾಳೆ, ಹಾಗಾಗಿ ಆ ದಿನ ಕೊಲೆ ಆಗುವುದಿಲ್ಲ. ಮರುದಿನ ನೀರು ಬರುವುದಿಲ್ಲ. ಆಮೇಲೆ ಗ್ಯಾಸ್ ಮುಗಿಯುತ್ತದೆ. ಅರ್ಧ ಪುಸ್ತಕ ದಾಟಿದ ಮೇಲೆ ಕಷ್ಟಪಟ್ಟು ಒಂದು ಕೊಲೆ ಆದರೆ, ಹೆಣವನ್ನು ಮೆಟ್ಟಿಲ ತಿರುವಿನಿಂದಾಚೆ ಸಾಗಿಸಲು ಆಗದೆ ಅಳಿಯ ಅಲ್ಲೇ ಬಿಟ್ಟುಹೋಗುತ್ತಾನೆ. ಪತ್ತೇದಾರ ತಿಂಡಿ ತಿಂದು ಬಂದು ಕೆಲಸದವಳನ್ನು ಒಂದು ಮಾತು ಕೇಳುತ್ತಾನೆ. ಅವಳು ಹೇಳುತ್ತಾಳೆ. ಮುಗಿಯಿತು.

ಬೆಂಗಳೂರಿನಲ್ಲಿ ಬೇರೆ ಕಡೆ ಹೇಗೆ ಓಡಿತೋ ಗೊತ್ತಿಲ್ಲ, ವಿಜಯನಗರದಲ್ಲಿ ಮಲಗಿಬಿಟ್ಟಿತು. ತೆಗೆದುಕೊಂಡು ಹೋದವರು ಮರುದಿನವೇ ವಾಪಸು ತರುತ್ತಿದ್ದರು. ಯಜಮಾನರು ಅಮ್ಮನನ್ನು ಕಂಡ ಕೂಡಲೇ ಕನ್ನಡಕ ತೆಗೆದರು. "ಏನ್ಮಾಡ್ಬಿಟ್ರಮ್ಮ ಅವ್ರನ್ನ? ಆಂಟೀರು ಬಂದು, ನಮ್ಮ ಬೀದಿ ನೋಡಕ್ಕೆ ಬಾಡಿಗೆ ಬೇರೆ ಕೊಡ್ಬೇಕಾ ಅಂತ ಕೇಳ್ತಾರೆ."

ಅಮ್ಮ ಆ ದಿನ ಪುಸ್ತಕ ತೆಗೆದುಕೊಳ್ಳದೆ ಮನೆಗೆ ಬಂದಳು. ಆ ತಿಂಗಳು ಮೇಷ್ಟ್ರ ಹೊಸ ಕಾದಂಬರಿ ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಭಾನುವಾರ ಅವರೂ ಬರಲಿಲ್ಲ. ಅಮ್ಮ ಬೇರೆಯವರ ಪುಸ್ತಕ ತಂದು, ನಾಲ್ಕು ಪುಟ ಓದಿ, ಮಡಚಿ ಇಡುತ್ತಿದ್ದಳು. ಒಂದು ದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಬಂದು, "ನಡಿಯೇ, ಕೆಂಗೇರಿಗೆ ಹೋಗ್ಬರೋಣ," ಅಂದಳು.

ಮೈಸೂರು ರಸ್ತೆಗೆ ಬಂದು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಜ್ಞಾನಭಾರತಿ ದಾಟಿದ ಮೇಲೆ ಬಸ್ಸಿನಲ್ಲಿ ನಾವೇ ಕೆಲವರು. ಉಪನಗರದಲ್ಲಿ ಆಗ ಮನೆಗಳು ಅಲ್ಲೊಂದು ಇಲ್ಲೊಂದು, ಗಾಳಿ ಮಾತ್ರ ಧಾರಾಳ. ಕೇಳಿಕೊಂಡು ಮನೆ ಹುಡುಕಿದೆವು. ಬಾಗಿಲು ತೆಗೆದವರು ಅವರ ಹೆಂಡತಿ. ಎತ್ತರದ ಆಳು, ದೊಡ್ಡ ನಗು. ನಾವು ಯಾರೆಂದು ತಿಳಿದ ಕೂಡಲೇ ಒಳಗೆ ಎಳೆದುಕೊಂಡೇ ಹೋದರು.

"ಬನ್ನಿ ಬನ್ನಿ, ನೀವೇನಾ ಅದು? ನೀವೇ ಏನಾದ್ರೂ ಹೇಳಿ ಇವ್ರಿಗೆ. ಬರೆಯೋದು ಬಿಟ್ಟಾಗಿನಿಂದ ಮನೇಲಿರೋದು ಕಷ್ಟ ಆಗೋಗಿದೆ. ಮೊದಲು ಅನುಮಾನಾನೆಲ್ಲ ಪುಸ್ತಕಕ್ಕೆ ಹಾಕ್ತಿದ್ರು, ನಾವು ಆರಾಮಾಗಿದ್ವಿ. ಈಗ ಹಾಲಿನವನ ಮೇಲೆ ಅನುಮಾನ, ಪೋಸ್ಟ್‌ಮ್ಯಾನ್ ಮೇಲೆ ಅನುಮಾನ. ನಿನ್ನೆ ನಾನು ಕಾಫಿ ಕೊಟ್ರೆ, ಡಿಕಾಕ್ಷನ್ ಯಾರು ಹಾಕಿದ್ದು ಅಂತಾರೆ!"

ಮೇಷ್ಟ್ರು ಒಳಕೋಣೆಯಿಂದ ಬಂದರು. ಇನ್ನಷ್ಟು ತೆಳ್ಳಗಾಗಿದ್ದರು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿಯೇಬಿಟ್ಟಳು.

"ಯಾಕೆ ಬರೆಯೋದು ಬಿಟ್ರಿ?"

"ಬರೆಯಕ್ಕೆ ಕೂತ್ರೆ ನಿಮ್ಮ ದನಿ ಕೇಳುತ್ತಮ್ಮ. ಒಬ್ಬ ಕಳ್ಳ ಗೋಡೆ ಹಾರಿದ ಅಂತ ಬರೆದ್ರೆ, ಪಂಚೆ ಸಿಕ್ಕಿಕೊಳ್ಳಲ್ವಾ ಅಂತ ಕೇಳ್ತೀರಿ. ನಿಜ, ಸಿಕ್ಕಿಕೊಳ್ಳುತ್ತೆ. ಅವನು ವಾಪಸ್ ಮನೆಗೆ ಹೋಗ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತೆ."

"ಹಾರಿಸಿ ಅವನನ್ನ."

"ಆಗಲ್ಲ ಅಂತ ನೀವೇ ಅಲ್ವಾ..."

"ನಾನು ಓದೋಳು ಮೇಷ್ಟ್ರೆ. ಹೇಳೋದು ನನ್ನ ಕೆಲಸ. ಕೇಳೋದು ನಿಮ್ಮ ಕೆಲಸ ಅಂತ ಯಾರು ಹೇಳಿದ್ರು?"

ಅಮ್ಮನ ದನಿ ಸ್ವಲ್ಪ ಮೆತ್ತಗಾಯಿತು. "ನನ್ನ ದಿನ ಹೇಗೆ ಹೋಗುತ್ತೆ ಗೊತ್ತಾ ನಿಮಗೆ? ನೀರು ಹಿಡಿಯೋದು, ಅಕ್ಕಿ ಆರಿಸೋದು, ನಮ್ಮನೆಯವರಿಗೆ ತಿಂಡಿ ಡಬ್ಬಿ ಕಟ್ಟೋದು. ಅದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ, ಇಲ್ಲ. ಎಲ್ಲ ಸರಿಯಾಗಿರುತ್ತೆ. ಮಧ್ಯಾಹ್ನ ಒಂದು ಗಂಟೆ ಹೊತ್ತು ನಿಮ್ಮ ಪುಸ್ತಕ ಹಿಡ್ಕೊಂಡು, ಇದು ಸುಳ್ಳು, ಅದು ಸುಳ್ಳು, ಎಲ್ಲಾದ್ರೂ ಉಂಟಾ ಅಂತ ನಿಮ್ಮ ಹತ್ರ ಜಗಳ ಆಡ್ತಾ ಇದ್ದೆ. ನೀವು ಎಲ್ಲ ಒಪ್ಕೊಂಡ್ಬಿಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ?"

ನನಗೆ ಆ ಮಾತು ಹೊಸದು. ಅವಳು ಬರೀ ತಮಾಷೆಗೆ ಬರೆಯುತ್ತಾಳೆ ಅಂದುಕೊಂಡಿದ್ದೆ. ಅವರ ಹೆಂಡತಿ ಬಿಸಿಬಿಸಿ ಬೋಂಡ ತಂದಿಟ್ಟು, "ಇನ್ನು ಮೇಲೆ ಭಾನುವಾರ ಇವ್ರನ್ನ ಎಲ್ಲೂ ಕಳ್ಸಲ್ಲ. ಮನೇಲೇ ಕೂತು ಸುಳ್ಳು ಬರೀಲಿ," ಅಂದರು. ಮೇಷ್ಟ್ರಿಗೆ ನಗು ಬಂತು. ಬೋಂಡ ಮುರಿದು, ಒಳಗಿನ ಮೆಣಸಿನಕಾಯಿಯನ್ನು ಪಕ್ಕಕ್ಕಿಟ್ಟರು.

ಅದಾದ ಮೇಲೆ ಬಂದ ಪುಸ್ತಕದಲ್ಲಿ ಏನಿರಲಿಲ್ಲ! ಅವಳಿಜವಳಿ ಇದ್ದರು, ಅವರಲ್ಲೊಬ್ಬ ಸತ್ತು, ಬದುಕಿ, ಮತ್ತೆ ಸತ್ತ. ಹೆಲಿಕಾಪ್ಟರು ಲಗ್ಗೆರೆಯ ಹೊಲದಲ್ಲಿ ಇಳಿಯಿತು. ತೋಟದ ಮನೆಯ ಬಾವಿಯಲ್ಲಿ ಒಂದು ಮೊಸಳೆ ಸಾಕಿದ್ದರು. ಲೈಬ್ರರಿಯಲ್ಲಿ ಅದಕ್ಕೆ ಎಂಥ ನೂಕುನುಗ್ಗಲು ಅಂದರೆ, ಯಜಮಾನರು ಅಮ್ಮನಿಗೆ ಮೊದಲು ಕೊಡುವ ಪದ್ಧತಿಯನ್ನೇ ಮುರಿದರು. "ಸ್ವಲ್ಪ ತಾಳಿಯಮ್ಮ, ಜನ ಬಿಡ್ತಾ ಇಲ್ಲ," ಅಂದರು. ಅಮ್ಮ ಮುಖ ಊದಿಸಿಕೊಂಡು ಕಾದಳು. ದಿನಾ ಸಂಜೆ ಆ ಕಡೆ ಒಂದು ಸುತ್ತು ಹೋಗಿಬರುತ್ತಿದ್ದಳು.

ಕೊನೆಗೂ ಪುಸ್ತಕ ಸಿಕ್ಕಿದ್ದು ಒಂದು ಶನಿವಾರ ಬೆಳಿಗ್ಗೆ. ಅಪ್ಪ ಮಧ್ಯಾಹ್ನ ಕಾರ್ಖಾನೆಯಿಂದ ಬಂದಾಗ ಒಲೆ ಹತ್ತಿಸಿರಲಿಲ್ಲ. ಅಮ್ಮ ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಅಪ್ಪ ಕೈಕಾಲು ತೊಳೆದು ಬಂದು, ಅಡುಗೆಮನೆಗೆ ಒಂದು ಸಲ ಇಣುಕಿ, ನನ್ನ ಮುಖ ನೋಡಿದರು. ನಾನು ಮಾತಾಡಬೇಡಿ ಅಂತ ಸನ್ನೆ ಮಾಡಿದೆ. ಅವರು ಸದ್ದಿಲ್ಲದೆ ಮತ್ತೆ ಚಪ್ಪಲಿ ಮೆಟ್ಟಿ, ಬೇಕರಿಯಿಂದ ಬನ್ನು, ಖಾರದ ಬಿಸ್ಕತ್ತು ತಂದರು. ನಾನು ಕಾಫಿ ಮಾಡಿದೆ.

"ಬಾವೀಲಿ ಮೊಸಳೆ!" ಅಂದಳು ಅಮ್ಮ, ಪುಸ್ತಕದಿಂದ ತಲೆಯೆತ್ತದೆ. "ಬೆಂಗಳೂರಿನ ಬಾವೀಲಿ! ಅದಕ್ಕೆ ದಿನಾ ಏನು ಹಾಕ್ತಾರಂತೆ?"

ಕೈ ಚಾಚಿ ಒಂದು ಬನ್ನು ತೆಗೆದುಕೊಂಡು, ಪುಟ ತಿರುಗಿಸಿದಳು.